ತಪ್ಪು ಆನೆಯದೇ?

ಆನೆ ತುಳಿದು ತೋಟದ ಕೂಲಿ ಸತ್ತಾಗಲೆಲ್ಲ ತಪ್ಪನ್ನು ಆನೆಯ ಮೇಲೆ ಹೊರಿಸಿ ಮಾಲೀಕರು ಕೈ ತೊಳೆದುಕೊಳ್ಳುತ್ತಾರೆ. ನಾವಿದನ್ನು ಒಪ್ಪುವುದಿಲ್ಲ. ತಮಿಳುನಾಡಿನ ವಾಲ್ಪಾರೈ ಬೆಟ್ಟದ ಕಾಡು ಕಡಿದು ಚಹಾ ತೋಟ ಮಾಡಿದವರು ಬ್ರಿಟಿಷ್ ಬಂಡವಾಳಗಾರರು. ಆನೆಯ ದಾರಿಯಲ್ಲಿ ಪ್ರಾಣ ತೆತ್ತವರು ದುಡಿಯುವವರು. ಅಲ್ಲಿ ವರ್ಷಗಟ್ಟಲೆ ಆನೆಗಳ ಜಾಡು ಹಿಡಿದ ವಿಜ್ಞಾನಿ ಆನಂದ ಕುಮಾರ್ ಕಂಡ ಸತ್ಯ ಸರಳ: ಆನೆ ಹತ್ತಿರವಿದೆಯೆಂದು ತಿಳಿಯದೆ ನಡೆದವರೇ ಹೆಚ್ಚಾಗಿ ಸತ್ತಿದ್ದರು. 2011ರಿಂದ ಮೊಬೈಲ್ ಸಂದೇಶ, ಕೆಂಪು ದೀಪಗಳಿಂದ ಮುನ್ನೆಚ್ಚರಿಕೆ ಕೊಡಲಾಯಿತು, ಸಾವು ಇಳಿಯಿತು.

ಗಿರಣಿಯ ಯಂತ್ರಕ್ಕೆ ಬೇಲಿ ಕಟ್ಟಿರೆಂದು 1948ರ ಕಾರ್ಖಾನೆ ಕಾಯಿದೆ ಮಾಲೀಕರಿಗೆ ವಿಧಿಸಿತು. ತೋಟದ ಕೂಲಿಗೆ ಈ ದೀಪವೇ ಆ ಬೇಲಿ. ಅದು ದಾನವಲ್ಲ, ಹಕ್ಕು. ಆನೆ ತಿರುಗುವ ಪ್ರತಿ ತೋಟದಲ್ಲೂ ದೀಪ ಬೆಳಗಲಿ. ಕತ್ತಲಿಗೆ ಮುಂಚೆ ಆಳುಗಳನ್ನು ಮನೆ ಮುಟ್ಟಿಸುವ ಹೊಣೆ ಮಾಲೀಕರು ಹೊರಲಿ!