ಆಕ್ಸಿಲರೇಟರ್ ಮತ್ತು ವೇಗೋತ್ಕರ್ಷ

ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ನಮ್ಮ ಮಾವಳ್ಳಿಯವರು ಮನೆಯಿಂದ ಹೊರಗೆ ಕಾಲಿಡುವುದೇ ಕಷ್ಟ. ಲಾಲ್‌ಬಾಗಿಗೆ ಬಂದ ಊರ ಜನವೆಲ್ಲ ನಮ್ಮ ಬೀದಿಗಳಲ್ಲೇ ಗಾಡಿ ನಿಲ್ಲಿಸುತ್ತಾರೆ. ಹೋದ ವರ್ಷ ಅಂಥದೇ ಒಂದು ಸಂಜೆ, ಆ ಗದ್ದಲವನ್ನೆಲ್ಲ ದಾಟಿಕೊಂಡು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತಂದೆಯ ಜತೆಗೆ ಮನೆಗೆ ಬಂದಳು. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ನೂರಕ್ಕೆ 92 ತೆಗೆದವಳು. ಕನ್ನಡ ಮಾಧ್ಯಮ. ಪ್ರಥಮ ಪಿಯುಸಿಗೆ ವಿಜ್ಞಾನ ವಿಭಾಗಕ್ಕೆ ಸೇರಿ ಎರಡು ತಿಂಗಳಾಗಿತ್ತು.

ತಂದೆ ಜೆ.ಸಿ. ರಸ್ತೆಯಲ್ಲಿ ಮೋಟಾರು ಬಿಡಿಭಾಗಗಳ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾರೆ. ಕುರ್ಚಿಯ ತುದಿಯಲ್ಲಿ ಕೂತು, ‘ಮೇಷ್ಟ್ರೇ, ಇವಳನ್ನ ಆರ್ಟ್ಸ್‌ಗೆ ಹಾಕಿಬಿಡೋಣ ಅಂತಿದೀನಿ’ ಎಂದರು. ವಿಭಾಗ ಬದಲಿಸುವುದಿದ್ದರೆ ಶನಿವಾರದೊಳಗೆ ಅರ್ಜಿ ಕೊಡಬೇಕೆಂದು ಕಾಲೇಜಿನಲ್ಲಿ ಹೇಳಿದ್ದರಂತೆ. ಅಂದು ಗುರುವಾರ. ಹುಡುಗಿ ಏನೂ ಮಾತಾಡದೆ ಭೌತಶಾಸ್ತ್ರದ ಕಿರುಪರೀಕ್ಷೆಯ ಉತ್ತರ ಪತ್ರಿಕೆಯನ್ನು ನನ್ನ ಕೈಗೆ ಕೊಟ್ಟಳು. ಇಪ್ಪತ್ತೈದಕ್ಕೆ ಆರು.

ಆರ್ಟ್ಸ್ ಓದುವುದು ಕೀಳೆಂದು ನಾನು ಹೇಳುತ್ತಿಲ್ಲ. ಇತಿಹಾಸ ಬೇಕೆಂದು ಇತಿಹಾಸ ಓದಲು ಹೋಗುವವರನ್ನು ಕಂಡರೆ ನನಗೆ ಸಂತೋಷವೇ. ಆದರೆ ಈ ಹುಡುಗಿ ಹೋಗುತ್ತಿದ್ದುದು ಬೇಕೆಂದಲ್ಲ, ಓಡಿಹೋಗುತ್ತಿದ್ದಳು. ಯಾವುದರಿಂದ ಎಂದು ನೋಡಬೇಕಿತ್ತು.

‘ವೇಗೋತ್ಕರ್ಷ ಎಂದರೆ ಏನಮ್ಮಾ?’ ಎಂದು ಕೇಳಿದೆ. ಪಟ್ಟನೆ ಹೇಳಿದಳು. ಅಷ್ಟಕ್ಕೆ ಬಿಡಲಿಲ್ಲ. ‘ಆಟೋದವನು ಮೂಲೆಯಲ್ಲಿ ಅದೇ ಜವದಲ್ಲಿ ತಿರುಗಿದ. ಮುಳ್ಳು ಇಪ್ಪತ್ತರಲ್ಲೇ ಇದೆ. ವೇಗೋತ್ಕರ್ಷ ಇದೆಯೋ ಇಲ್ಲವೋ?’ ಒಂದು ಗಳಿಗೆ ಯೋಚಿಸಿ, ‘ಇದೆ ಸಾರ್. ಜವ ಅಷ್ಟೇ ಇದ್ದರೂ ದಿಕ್ಕು ಬದಲಾಯಿತಲ್ಲ, ಆದ್ದರಿಂದ ವೇಗ ಬದಲಾಯಿತು’ ಎಂದಳು. ಇಂಗ್ಲಿಷ್ ಮಾಧ್ಯಮದ ಎಷ್ಟೋ ಮಕ್ಕಳು ವ್ಯಾಖ್ಯೆಯನ್ನು ಗಿಣಿಪಾಠ ಒಪ್ಪಿಸಿ, ಇದೇ ಪ್ರಶ್ನೆಗೆ ಇಲ್ಲವೆಂದು ತಲೆಯಾಡಿಸುವುದನ್ನು ನಾನು ನೋಡಿದ್ದೇನೆ. ಇವಳಿಗೆ ಭೌತಶಾಸ್ತ್ರ ಗೊತ್ತಿತ್ತು. ಗೊತ್ತಿಲ್ಲದ್ದು ಅದರ ಕಾಲೇಜಿನ ಹೆಸರು.

‘ಆಕ್ಸಿಲರೇಶನ್ ಅಂದರೆ?’ ಎಂದೆ. ತಲೆ ತಗ್ಗಿಸಿದಳು. ಆಗ ಪಕ್ಕದಲ್ಲಿದ್ದ ತಂದೆ, ಕೇಳಿದ್ದು ತಮ್ಮನ್ನೇ ಎಂಬಂತೆ, ‘ಆಕ್ಸಿಲರೇಟರ್ ಕೇಬಲ್ಲಾ ಸಾರ್? ದಿನಾ ಮಾರ್ತೀವಲ್ಲ’ ಎಂದರು. ಹುಡುಗಿ ತಂದೆಯ ಮುಖವನ್ನೊಮ್ಮೆ ನೋಡಿದಳು, ನನ್ನ ಮುಖವನ್ನೊಮ್ಮೆ ನೋಡಿದಳು. ಬಂದಾಗಿನಿಂದ ಮೊದಲ ಬಾರಿಗೆ ನಕ್ಕಳು.

ಉತ್ತರ ಪತ್ರಿಕೆಯನ್ನು ಮತ್ತೊಮ್ಮೆ ಓದಿದೆ. ಮೂವತ್ತು ವರ್ಷ ಪಾಠ ಮಾಡಿದವನಿಗೂ ಅದರಲ್ಲಿ ಕಲಿಯುವುದಿತ್ತು. ಕನ್ನಡ ಮಾಧ್ಯಮದ ಮಕ್ಕಳನ್ನು ಪಿಯುಸಿಯಲ್ಲಿ ಕೆಡವುವುದು ದೊಡ್ಡ ದೊಡ್ಡ ಪಾರಿಭಾಷಿಕ ಪದಗಳೆಂದು ನಾವು ತಿಳಿದಿದ್ದೇವೆ. ಅವು ಅಲ್ಲ. ಮೊಮೆಂಟಮ್ ಎಂದರೆ ಸಂವೇಗ, ಇನರ್ಷಿಯಾ ಎಂದರೆ ಜಡತ್ವ, ರಿಫ್ರಾಕ್ಷನ್ ಎಂದರೆ ವಕ್ರೀಭವನ ಎಂದು ಹದಿನೈದು ದಿನದಲ್ಲಿ ಬಾಯಿಪಾಠ ಮಾಡಬಹುದು. ಕೆಡವುವವು ಸಣ್ಣ ಪದಗಳು. ‘ಅಟ್ ರೆಸ್ಟ್’ ಎಂದರೆ ನಿಶ್ಚಲ ಸ್ಥಿತಿ ಎಂದು ಇವಳಿಗೆ ಯಾರೂ ಹೇಳಿರಲಿಲ್ಲ. ‘ಬಾಡಿ’ ಎಂದರೆ ಯಾವುದೇ ಒಂದು ವಸ್ತು ಎಂದೂ ಹೇಳಿರಲಿಲ್ಲ. ‘ಎ ಬಾಡಿ ಅಟ್ ರೆಸ್ಟ್’ ಎಂದು ಓದಿದಾಗ ಇವಳ ಕಣ್ಣ ಮುಂದೆ ಬಂದದ್ದು ಮಲಗಿ ವಿಶ್ರಾಂತಿ ತೆಗೆದುಕೊಳ್ಳುತ್ತಿರುವ ಮನುಷ್ಯ. ಆರಂಭದ ವೇಗ ಸೊನ್ನೆ ಎಂದು ತೆಗೆದುಕೊಳ್ಳಬೇಕೆಂಬ ಸುಳಿವು ಇರುವುದೇ ಆ ಎರಡು ಪದಗಳಲ್ಲಿ. ಸುಳಿವು ತಪ್ಪಿತು, ಲೆಕ್ಕ ನಿಂತಿತು. ಇನ್ನೊಂದು ಕಡೆ ‘ರೆಸ್ಪೆಕ್ಟಿವ್ಲಿ’ ಎಂದಿತ್ತು. ಗೌರವಪೂರ್ವಕವಾಗಿ ಎಂದು ಅರ್ಥ ಮಾಡಿಕೊಂಡಿದ್ದಳು! ನಗಬೇಡಿ. ಹತ್ತು ವರ್ಷ ಇಂಗ್ಲಿಷನ್ನು ಒಂದು ವಿಷಯವಾಗಿ ಓದಿದ ಮಗು ಪದ್ಯದ ಸಾರಾಂಶ ಬರೆಯಲು ಕಲಿತಿರುತ್ತದೆ, ರಜೆ ಚೀಟಿ ಬರೆಯಲು ಕಲಿತಿರುತ್ತದೆ. ಲೆಕ್ಕದ ವಾಕ್ಯವನ್ನು ಓದಲು ಯಾವ ತರಗತಿಯಲ್ಲಿ ಕಲಿಸಿದೆವು?

ಇಲ್ಲಿ ಒಂದು ಮಾತನ್ನು ತಂದೆತಾಯಂದಿರ ಮುಂದೆ ಬಿಚ್ಚಿ ಹೇಳಬೇಕು. ಕನ್ನಡ ಮಾಧ್ಯಮದ ಪರವಾಗಿ ಮಾತಾಡುವಾಗ ನನ್ನಂಥ ಮೇಷ್ಟ್ರುಗಳು ತಪ್ಪದೆ ಎತ್ತುವ ಹೆಸರು ಪ್ರೊಫೆಸರ್ ಸಿ.ಎನ್.ಆರ್. ರಾವ್ ಅವರದು. ಇಲ್ಲೇ ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಓದಿದವರು, ಅದೂ ಕನ್ನಡ ಮಾಧ್ಯಮದಲ್ಲಿ. 1947ರಲ್ಲಿ ಎಸ್ಸೆಸ್ಸೆಲ್ಸಿ, 1951ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎಸ್ಸಿ. ಆಗ ಅವರಿಗೆ ಹದಿನೇಳು ವರ್ಷ. 2014ರಲ್ಲಿ ಭಾರತರತ್ನ. ಇದೆಲ್ಲ ನಿಜ. ನಾನೂ ಎಷ್ಟೋ ಪೋಷಕರ ಸಭೆಗಳಲ್ಲಿ ಇದನ್ನು ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಆದರೆ ಕತೆಯ ಉಳಿದರ್ಧವನ್ನು ನಾವು ಹೇಳುವುದಿಲ್ಲ. ಅವರ ತಂದೆ ಶಾಲಾ ಇನ್‌ಸ್ಪೆಕ್ಟರು. ಮಗನಿಗೆ ತಾಯ್ನುಡಿ ಬರಲೆಂದು ಕನ್ನಡ ಮಾಧ್ಯಮಕ್ಕೆ ಸೇರಿಸಿದರು. ಮನೆಯಲ್ಲಿ ಮಗನ ಜತೆ ಇಂಗ್ಲಿಷಿನಲ್ಲಿ ಮಾತಾಡಿದರು. ಶಾಲೆ ಒಂದನ್ನು ಕೊಟ್ಟಿತು, ಮನೆ ಇನ್ನೊಂದನ್ನು ಕೊಟ್ಟಿತು. ಜೆ.ಸಿ. ರಸ್ತೆಯ ಅಂಗಡಿಯಲ್ಲಿ ರಾತ್ರಿ ಒಂಬತ್ತರವರೆಗೆ ನಿಂತು ಮನೆಗೆ ಬರುವ ತಂದೆ ಆ ಇನ್ನೊಂದನ್ನು ಎಲ್ಲಿಂದ ತರಬೇಕು? ಅದನ್ನೂ ಶಾಲೆಯೇ ಕೊಡಬೇಕು. ನಾವು ಕೊಡಲಿಲ್ಲ.

ಇದನ್ನು ಬರೆಯುವ ಹಕ್ಕು ನನಗೆಷ್ಟಿದೆ ಎಂದು ನೀವು ಕೇಳಬಹುದು. ಕೇಳಿ. ನಾನು ಅನುದಾನಿತ ಕನ್ನಡ ಶಾಲೆಯ ಮೇಷ್ಟ್ರು. ನನ್ನ ಮಗನನ್ನು ಸೇರಿಸಿದ್ದು ಇಂಗ್ಲಿಷ್ ಮಾಧ್ಯಮದ ಶಾಲೆಗೆ. ಹೆದರಿಕೆಯಿಂದ ಸೇರಿಸಿದೆ. ಆ ಹೆದರಿಕೆಯ ಮೂಲ 1986ರಲ್ಲಿದೆ. ತುಮಕೂರು ಜಿಲ್ಲೆಯ ಹಳ್ಳಿಯೊಂದರಿಂದ ನಾನು ಬೆಂಗಳೂರಿಗೆ ಪಿಯುಸಿ ಓದಲು ಬಂದ ವರ್ಷ ಅದು. ಮೊದಲ ವಾರದಲ್ಲೇ ರಸಾಯನಶಾಸ್ತ್ರದ ತರಗತಿಯಲ್ಲಿ ಎದ್ದು ನಿಂತು ಒಂದು ಸಂದೇಹ ಕೇಳಿದೆ. ಅರ್ಧ ಇಂಗ್ಲಿಷು, ಅರ್ಧ ಕನ್ನಡ. ಉಪನ್ಯಾಸಕರು ನನ್ನ ಉಚ್ಚಾರವನ್ನು ಅಣಕಿಸಿ ತೋರಿಸಿದರು. ಎಂಬತ್ತು ಹುಡುಗರು ನಕ್ಕರು. ಅವರೇನು ಕೆಟ್ಟ ಮನುಷ್ಯರಲ್ಲ, ಒಳ್ಳೆಯ ಪಾಠಗಾರರೇ. ಆದರೆ ಆಮೇಲೆ ಎರಡು ವರ್ಷ ನಾನು ತರಗತಿಯಲ್ಲಿ ಬಾಯಿ ತೆರೆಯಲಿಲ್ಲ. ಇಂಜಿನಿಯರಿಂಗ್ ಸೀಟಿಗೆ ಅಂಕ ಸಾಲಲಿಲ್ಲ. ಬಿ.ಎಸ್ಸಿ. ಮಾಡಿದೆ, ಬಿ.ಎಡ್. ಮಾಡಿದೆ. ಈ ಕೆಲಸವನ್ನು ನಾನು ಪ್ರೀತಿಸುತ್ತೇನೆ. ಆದರೆ ಇದನ್ನು ನಾನು ಆರಿಸಿಕೊಂಡೆ ಎಂದು ಹೇಳಿದರೆ ಸುಳ್ಳಾಗುತ್ತದೆ.

ನಮ್ಮ ರಾಜ್ಯದಲ್ಲಿ ಮಾಧ್ಯಮದ ಜಗಳ ಬಹಳ ಹಳೆಯದು. ಪ್ರಾಥಮಿಕ ಹಂತದಲ್ಲಿ ಕಲಿಕೆ ಮಾತೃಭಾಷೆಯಲ್ಲಿ ಅಥವಾ ಕನ್ನಡದಲ್ಲಿ ಇರಬೇಕೆಂದು ಸರ್ಕಾರ ಆದೇಶ ಹೊರಡಿಸಿದ್ದು 1994ರಲ್ಲಿ. ಇಪ್ಪತ್ತು ವರ್ಷ ನ್ಯಾಯಾಲಯಗಳಲ್ಲಿ ಅಲೆದಾಡಿ, 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ತಳ್ಳಿಹಾಕಿತು. ಮಾಧ್ಯಮವನ್ನು ಹೇರುವಂತಿಲ್ಲ, ಆಯ್ಕೆ ಪೋಷಕರದು ಎಂದಿತು. ಈ ನಡುವೆ 2007ರಲ್ಲಿ ಸರ್ಕಾರಿ ಶಾಲೆಗಳಲ್ಲೂ ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ವಿಷಯವಾಗಿ ಬಂತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳೇ ಶುರುವಾದವು. ಪರ ಮಾತಾಡಿದವರೂ ವಿರೋಧ ಮಾತಾಡಿದವರೂ ಒಂದನೇ ತರಗತಿಯ ಬಾಗಿಲಲ್ಲೇ ನಿಂತು ಜಗಳವಾಡಿದರು. ಹತ್ತನೇ ತರಗತಿಯ ಹಿಂಬಾಗಿಲಲ್ಲಿ ಬಿದ್ದವರನ್ನು ನೋಡಿದವರು ಕಡಿಮೆ.

ಬಾಗಿಲಿನ ಮಾತು ಬಂದಾಗಲೆಲ್ಲ ನನಗೆ ನೆನಪಾಗುವವರು ಡಾ. ಎಚ್. ನರಸಿಂಹಯ್ಯನವರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ 1935ರಲ್ಲಿ ಸುಮಾರು 80 ಕಿಲೋಮೀಟರು ನಡೆದುಕೊಂಡು ಬೆಂಗಳೂರಿಗೆ ಬಂದದ್ದು ಹೈಸ್ಕೂಲು ಸೇರಲು. ಸೇರಿದ್ದು ನ್ಯಾಷನಲ್ ಹೈಸ್ಕೂಲು. ನಮ್ಮ ಮಾವಳ್ಳಿಯಿಂದ ನಡೆದರೆ ಹತ್ತಿಪ್ಪತ್ತು ನಿಮಿಷದ ದಾರಿ. ಅವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದರು, 1942ರ ಚಳವಳಿಯಲ್ಲಿ ಜೈಲಿಗೆ ಹೋದರು, 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಅಧ್ಯಾಪಕರಾದರು, ಅಮೆರಿಕದ ಓಹಾಯೋದಲ್ಲಿ ಪಿಎಚ್.ಡಿ. ಮಾಡಿದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಈ ನಡಿಗೆಯ ಕತೆಯನ್ನು ನಾವು ಮಕ್ಕಳಿಗೆ ಹೇಳುವುದು ‘ನೋಡಿ, ಎಷ್ಟು ಕಷ್ಟಪಟ್ಟರು, ನೀವೂ ಪಡಿ’ ಎಂದು. ನರಸಿಂಹಯ್ಯನವರು ತಮ್ಮ ಬದುಕಿನಿಂದ ತೆಗೆದ ಅರ್ಥ ಅದಾಗಿರಲಿಲ್ಲ ಎಂದು ನನ್ನ ಭಾವನೆ. ಅವರು ಗೌರಿಬಿದನೂರಿನಲ್ಲಿ, ಬಾಗೇಪಲ್ಲಿಯಲ್ಲಿ ನ್ಯಾಷನಲ್ ಕಾಲೇಜು ತೆರೆಸಿದರು. ಆ ಕಡೆಯ ಮಕ್ಕಳು ಇನ್ನು ನಡೆಯಬೇಕಾಗಿಲ್ಲವೆಂದು.

1962ರಲ್ಲಿ ಅವರು ಕಟ್ಟಿದ ಬೆಂಗಳೂರು ವಿಜ್ಞಾನ ವೇದಿಕೆಯ ಬುಧವಾರದ ಉಪನ್ಯಾಸಗಳಿಗೆ ನಾನು ಡಿಗ್ರಿಯಲ್ಲಿದ್ದಾಗ ಹೋಗುತ್ತಿದ್ದೆ. ಪುಕ್ಕಟೆ. ಹಿಂದಿನ ಸಾಲಿನಲ್ಲಿ ಕೂತು ಇಂಗ್ಲಿಷಿನ ವಿಜ್ಞಾನವನ್ನು ಕಿವಿಯಿಂದ ಕಲಿತದ್ದು ಅಲ್ಲಿ. ಅಲ್ಲಿ ಯಾರೂ ನನ್ನನ್ನು ಎದ್ದು ನಿಲ್ಲಿಸುತ್ತಿರಲಿಲ್ಲ, ಅಂಕ ಕೊಡುತ್ತಿರಲಿಲ್ಲ. ಅರ್ಥವಾಗದಿದ್ದರೆ ಮುಂದಿನ ಬುಧವಾರ ಇದ್ದೇ ಇತ್ತು. ಎರಡು ವರ್ಷ ಮೊದಲು ಈ ಜಾಗ ಸಿಕ್ಕಿದ್ದರೆ ಎಂದು ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ.

ಹುಡುಗಿಯ ವಿಷಯಕ್ಕೆ ಬರೋಣ. ಶನಿವಾರದ ಅರ್ಜಿಯನ್ನು ಕೊಡಬೇಡಿ ಎಂದು ನಾನು ಹೇಳಲಿಲ್ಲ. ಹೇಳಲು ಧೈರ್ಯವಿರಲಿಲ್ಲ ಎನ್ನಿ. ಮುಂದೆ ಅವಳು ಫೇಲಾದರೆ ಒಂದು ವರ್ಷ ಹೋಗುತ್ತದೆ. ಆ ಮನೆಯಲ್ಲಿ ಒಂದು ವರ್ಷ ಹೋದ ಹೆಣ್ಣುಮಗುವಿಗೆ ಎರಡನೇ ವರ್ಷ ಸಿಗುತ್ತದೆಂಬ ಖಾತ್ರಿ ಇಲ್ಲ. ಅದಕ್ಕಾಗಿ ತಂದೆಗೆ ಲೆಕ್ಕವನ್ನು ಇದ್ದಂತೆ ಹೇಳಿದೆ. ಒಂದರಿಂದ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ಶೇ. 5 ಮೀಸಲು ಇದೆ. ಹತ್ತೂ ವರ್ಷದ ವ್ಯಾಸಂಗ ಪ್ರಮಾಣ ಪತ್ರ ಬೇಕು, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿಯೂ ಬೇಕು. ಎರಡು ಶಾಲೆ ಬದಲಿಸಿದ್ದರೆ ಎರಡೂ ಕಡೆಯಿಂದ ತರಬೇಕು. ಇದನ್ನು ಈಗಲೇ ಮಾಡಿಸಿಡಿ, ಸಿಇಟಿ ಹೊತ್ತಿಗೆ ಓಡಾಡಬೇಡಿ ಎಂದೆ. ಇದೇ ಸಾಲುಗಳನ್ನು ಓದುತ್ತಿರುವ ತಂದೆತಾಯಂದಿರಿಗೂ ಅದೇ ಮಾತು. ಹಳ್ಳಿಗಳಲ್ಲಿ ಹತ್ತು ವರ್ಷ ಓದಿದವರಿಗೆ ಶೇ. 15 ಗ್ರಾಮೀಣ ಮೀಸಲು ಬೇರೆ ಇದೆ. ಗೊತ್ತಿಲ್ಲದೆ ಬಿಟ್ಟುಕೊಟ್ಟವರನ್ನು ನಾನು ಕಂಡಿದ್ದೇನೆ. ನೀಟ್ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲೂ ಬರೆಯಬಹುದು. ಆದರೆ ಎರಡು ವರ್ಷ ಇಂಗ್ಲಿಷಿನಲ್ಲಿ ಪಾಠ ಕೇಳಿದವರು ಕೊನೆಯ ದಿನ ಕನ್ನಡದ ಪ್ರಶ್ನೆಪತ್ರಿಕೆ ಹಿಡಿದರೆ ಹೊಸ ತೊಡಕು. ಯೋಚಿಸಿ ಆರಿಸಿಕೊಳ್ಳಿ.

ಹುಡುಗಿಗೆ ಒಂದು ನೂರು ಪುಟದ ನೋಟ್‌ಬುಕ್ ಕೊಟ್ಟೆ. ಎಡಗಡೆ ಕನ್ನಡ ಪದ, ಬಲಗಡೆ ಇಂಗ್ಲಿಷ್ ಪದ. ಇದು ಎಲ್ಲರೂ ಹೇಳುವ ಉಪಾಯ. ನಾನು ಸೇರಿಸಿದ್ದು ಹಿಂದಿನ ಪುಟಗಳನ್ನು. ಪಾರಿಭಾಷಿಕವಲ್ಲದ ಸಣ್ಣ ಪದಗಳಿಗೆ ಹಿಂದಿನಿಂದ ಬರೆಯುತ್ತಾ ಬಾ ಎಂದೆ. ‘ನೆಗ್ಲೆಕ್ಟಿಂಗ್’ ಎಂದರೆ ಲೆಕ್ಕಕ್ಕೆ ತೆಗೆದುಕೊಳ್ಳದೆ, ‘ಯೂನಿಫಾರ್ಮ್’ ಎಂದರೆ ಏಕರೂಪ (ಶಾಲೆಯ ಬಟ್ಟೆಯಲ್ಲ), ‘ಹೆನ್ಸ್’ ಎಂದರೆ ಆದ್ದರಿಂದ. ಪ್ರತಿ ಪದದ ಮುಂದೆ ಅದು ಬಂದ ಲೆಕ್ಕದ ಇಡೀ ವಾಕ್ಯ. ಬರಿಯ ಪದ ಬರೆದರೆ ಪ್ರಯೋಜನವಿಲ್ಲ.

ಅರ್ಜಿ ಕೊಡಲಿಲ್ಲವೆಂದು ಗೊತ್ತಾದದ್ದು ಮುಂದಿನ ವಾರ. ಎರಡನೇ ಕಿರುಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ಹನ್ನೊಂದು ಬಂತು. ಹನ್ನೊಂದು ದೊಡ್ಡ ಅಂಕವೇನಲ್ಲ. ರಸಾಯನಶಾಸ್ತ್ರದಲ್ಲಿ ಇನ್ನೂ ಕಷ್ಟವಿದೆ, ಗಣಿತದಲ್ಲಿ ಪರವಾಗಿಲ್ಲ. ದ್ವಿತೀಯ ಪಿಯುಸಿ ಏನಾಗುತ್ತದೋ ನಾನು ಹೇಳಲಾರೆ.

ಮೊನ್ನೆ ನನ್ನ ಸ್ಕೂಟರಿಗೆ ಬ್ರೇಕ್ ಶೂ ಬೇಕಾಗಿ ಜೆ.ಸಿ. ರಸ್ತೆಗೆ ಹೋಗಿದ್ದೆ. ಅವಳ ತಂದೆ ಡಬ್ಬಿ ತೆಗೆದು ಕೊಡುತ್ತಾ ಅದರ ಮೇಲಿದ್ದ ಅಕ್ಷರಗಳ ಮೇಲೆ ಬೆರಳಿಟ್ಟು, ‘ಸಾರ್, ಇದು ಫ್ರಿಕ್ಷನ್ ಅಲ್ವಾ? ಘರ್ಷಣೆ. ಮಗಳು ಹೇಳಿಕೊಟ್ಟಳು’ ಎಂದರು. ಈಗ ರಾತ್ರಿ ಖಾಲಿ ಡಬ್ಬಿಗಳನ್ನು ಮನೆಗೆ ಒಯ್ಯುತ್ತಾರಂತೆ. ಇನ್ನೊಂದು ಡಬ್ಬಿಯ ಮೇಲೆ ‘ಟಾರ್ಕ್’ ಎಂದಿತ್ತು. ಅದಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆಂದು ಅವರು ಕೇಳಿದರು. ನಾಳೆ ಹೇಳುತ್ತೇನೆ, ಅಷ್ಟರಲ್ಲಿ ಅವಳನ್ನೇ ಕೇಳಿ ನೋಡಿ ಎಂದು ಬಂದೆ.