ಉಳದೆ ಉಣ್ಣುವವರಿಗೊಂದು ಪ್ರಶ್ನೆ

ಅರಾಜಕತಾವಾದವೆಂದರೆ ಬಾಂಬು, ದೊಂಬಿಗಳ ಸಿದ್ಧಾಂತ. ಅದು ಯುರೋಪಿನ ಸರಕು ಎಂಬ ಭಾವನೆ ವಿದ್ಯಾವಂತರಲ್ಲಿಯೂ ಉಂಟು. ಎರಡೂ ತಪ್ಪೆಂಬುದಕ್ಕೆ ಆಂದೋ ಶೋಎಕಿ ಸಾಕ್ಷಿ. ಉತ್ತರ ಜಪಾನಿನ ಹಚಿನೋಹೆಯಲ್ಲಿ ವೈದ್ಯನಾಗಿದ್ದ ಈತನ ಕಾಲ 1703-1762. ಫ್ರಾನ್ಸಿನ ಪ್ರೂಧೋನ್ ತನ್ನನ್ನು ಅರಾಜಕತಾವಾದಿಯೆಂದು ಕರೆದುಕೊಂಡದ್ದು 1840ರಲ್ಲಿ.

ಶೋಎಕಿಯ ವಾದ ಸರಳವಾದುದು. ಸ್ವತಃ ಉತ್ತು ಉಣ್ಣುವುದೇ ನಿಸರ್ಗದ ಬಾಳು. ದೊರೆ, ಸಮುರಾಯ್, ಪುರೋಹಿತ, ವಿದ್ವಾಂಸರು ಉಳದೆ ಉಣ್ಣುವುದಕ್ಕಾಗಿ ಕಟ್ಟಿಕೊಂಡದ್ದು ಕಾನೂನಿನ ಲೋಕ. ಬುದ್ಧ, ಕನ್ಫ್ಯೂಷಿಯಸರನ್ನೂ ಆತ ಈ ಪಟ್ಟಿಯಿಂದ ಬಿಡಲಿಲ್ಲ. ಇದು ಬರಿಯ ತರ್ಕವಲ್ಲ. ದೂರದ ಎದೋ ನಗರದ ಮಾರುಕಟ್ಟೆಗಾಗಿ ಹಚಿನೋಹೆಯ ಗುಡ್ಡಗಳ ಕಾಡು ಕಡಿದು ಸೋಯಾ ಬೆಳೆಯಲಾಯಿತು. ಪಾಳುಬಿದ್ದ ನೆಲದಲ್ಲಿ ಕಾಡುಹಂದಿಗಳು ಹೆಚ್ಚಿ ಪೈರು ಮೇಯ್ದವು. 1749ರ ಕ್ಷಾಮದಲ್ಲಿ ಹಸಿವಿನಿಂದ ಸತ್ತವರು ಉತ್ತವರೇ.

ಉತ್ತವನ ಈ ಅಸಮಾಧಾನ ನಮ್ಮ ಸೀಮೆಗೂ ಹೊಸದಲ್ಲ. ನಾನು ನೆಲೆಸಿರುವ ಆನವಟ್ಟಿಯ ನೆರೆಯ ಶಿಕಾರಿಪುರ ತಾಲ್ಲೂಕಿನ ಈಸೂರು 1942ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರಕ್ಕೆ ಕಂದಾಯ ಕೊಡೆವೆಂದು ಸ್ವತಂತ್ರ ಸರ್ಕಾರವನ್ನೇ ಸಾರಿತು. ಘರ್ಷಣೆಯಲ್ಲಿ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಹತರಾದರು. 1943ರ ಮಾರ್ಚಿಯಲ್ಲಿ ಐವರು ಗ್ರಾಮಸ್ಥರು ಗಲ್ಲಿಗೇರಿದರು.

ಆದರೆ ಗಮನಿಸಬೇಕಾದ ಅಂಶವೊಂದುಂಟು. ಈಸೂರಿನವರು ಅಧಿಕಾರವನ್ನೇ ಕಿತ್ತೊಗೆಯಲಿಲ್ಲ. ಊರಿನ ಇಬ್ಬರು ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಎಂದು ನೇಮಿಸಿಕೊಂಡರು. 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದಾಗಲೂ ಕೇಳಿದ್ದು ನ್ಯಾಯವಾದ ಅಳತೆಯನ್ನು, ಉಳುವವನ ಹಕ್ಕನ್ನು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿದಾರರಿಗೆ ಭೂಮಿ ಕೊಟ್ಟಿತು. ಕಾನೂನು ಉತ್ತವನ ಪರವಾಗಿಯೂ ನಿಲ್ಲಬಲ್ಲದೆಂಬುದು ಅಲ್ಲಿ ಸಿದ್ಧವಾಯಿತು. ಶೋಎಕಿಗೆ ಮಲೆನಾಡು ಕೊಟ್ಟ ಉತ್ತರವಿದು.

ಆ ಉತ್ತರ ಈಗ ದುರ್ಬಲವಾಗುತ್ತಿದೆ. 2020ರ ತಿದ್ದುಪಡಿಯು ಕೃಷಿಕರಲ್ಲದವರೂ, ಆದಾಯದ ಮಿತಿಯಿಲ್ಲದೆ, ಕೃಷಿಭೂಮಿ ಕೊಳ್ಳಲು ದಾರಿ ತೆರೆಯಿತು. ಬಂಡವಾಳ ಹಳ್ಳಿಗೆ ಬರುವುದು ತಪ್ಪಲ್ಲ. ಸಾಲದಿಂದ ಸೋತ ರೈತನಿಗೆ ಒಳ್ಳೆಯ ಬೆಲೆ ಸಿಗಬೇಕೆಂಬ ವಾದದಲ್ಲಿಯೂ ಹುರುಳಿದೆ. ಆದರೆ ಬೇಲಿ ಹಾಕಿ, ಬೆಲೆ ಏರಲೆಂದು ಕಾಯುವವನ ಕೈಗೆ ನೆಲ ಸೇರಿದರೆ ಉತ್ಪಾದನೆಯೂ ಇಲ್ಲ, ಕೂಲಿಯೂ ಇಲ್ಲ. ಕೊಂಡವರು ಗೊತ್ತಾದ ಅವಧಿಯಲ್ಲಿ ಸಾಗುವಳಿ ಮಾಡಬೇಕೆಂಬ ಷರತ್ತನ್ನು ವಿಧಿಸಬೇಕು. ಪಾಳುಬಿಟ್ಟ ಜಮೀನುಗಳ ಪಟ್ಟಿಯನ್ನು ಪ್ರತಿವರ್ಷ ಗ್ರಾಮಸಭೆಯ ಮುಂದೆ ಓದಬೇಕು.

ಪ್ರಭುತ್ವವಿಲ್ಲದ ಸಮಾಜ ಸಾಧ್ಯವೆಂದು ನಾನು ನಂಬುವುದಿಲ್ಲ; ದುರ್ಬಲರಿಗೆ ಕಾನೂನಿನ ಆಸರೆ ಬೇಕು. ಆದರೂ ಉಣ್ಣುವ ಅನ್ನಕ್ಕೆ ಪ್ರತಿಯಾಗಿ ತಾವೇನು ಕೊಡುತ್ತಿದ್ದೇವೆಂಬ ಶೋಎಕಿಯ ಪ್ರಶ್ನೆಗೆ ಸರ್ಕಾರಿ ಕಚೇರಿಗಳೂ, ನಿವೃತ್ತಿ ವೇತನದಲ್ಲಿ ಬಾಳುವ ನನ್ನಂಥವರೂ ಉತ್ತರ ಹೇಳಲೇಬೇಕು.