ಗೆಲಕ್ಸಿಗಳ ಸಂಗಮವೂ ನೋಡುವ ವಿದ್ಯೆಯೂ

ಕಟಪಾಡಿಯ ಪಡುವಣಕ್ಕಿರುವ ಮಟ್ಟುವಿನ ಕಡಲತಡಿಯಲ್ಲಿ ಬೆಳೆದವರಿಗೆ ಉಬ್ಬರ ಇಳಿತಗಳು ಹೊಸವಲ್ಲ. ಚಂದ್ರನ ಆಕರ್ಷಣೆಯು ಹತ್ತಿರದ ನೀರನ್ನು ಹೆಚ್ಚಾಗಿಯೂ ದೂರದ ನೀರನ್ನು ಕಡಿಮೆಯಾಗಿಯೂ ಸೆಳೆಯುವುದೇ ಇದಕ್ಕೆ ಕಾರಣ. ಕೋಟ್ಯಂತರ ನಕ್ಷತ್ರಗಳ ಸಮೂಹಗಳಾದ ಗೆಲಕ್ಸಿಗಳಿಗೂ ಇದೇ ನಿಯಮ. ಎರಡು ಗೆಲಕ್ಸಿಗಳು ಸಮೀಪಿಸಿದಾಗ ಒಂದರ ಸೆಳೆತಕ್ಕೆ ಸಿಕ್ಕಿ ಇನ್ನೊಂದರ ನಕ್ಷತ್ರಗಳು ಉದ್ದನೆಯ ಬಾಲಗಳಾಗಿ ಚಾಚಿಕೊಳ್ಳುತ್ತವೆ. ಅವೆರಡರ ನಡುವೆ ಬೆಳಕಿನ ಸೇತುವೆ ಮೂಡುತ್ತದೆ. ಎಷ್ಟೋ ವೇಳೆ ಕಡೆಗೆ ಎರಡೂ ಕೂಡಿ ಒಂದಾಗುತ್ತವೆ. ಇಂತಹ ಬಾಲಗಳು ಸೆಳೆತದಿಂದಲೇ ಹುಟ್ಟಬಲ್ಲವೆಂಬುದನ್ನು ಟೂಮ್ರೆ ಸಹೋದರರು 1972ರಲ್ಲಿ ಗಣಕಯಂತ್ರದ ನೆರವಿನಿಂದ ತೋರಿಸಿಕೊಟ್ಟರು.

ಆದರೆ ಈ ಸಂಗಮವು ಕೋಟಿ ಕೋಟಿ ವರ್ಷಗಳ ವ್ಯಾಪಾರ. ಮನುಷ್ಯನಿಗೆ ದೊರೆಯುವುದು ಅದರ ಒಂದು ಕ್ಷಣದ ಚಿತ್ರ ಮಾತ್ರ. ಆ ಚಿತ್ರದಲ್ಲಿ ಬಾಲವಿದೆಯೇ, ಸೇತುವೆಯಿದೆಯೇ, ಒಂದೇ ಒಡಲಿನಲ್ಲಿ ಎರಡು ನಡುಬಿಂದುಗಳಿವೆಯೇ, ಚಿಪ್ಪಿನಂತಹ ಪದರಗಳಿವೆಯೇ ಎಂದು ಅರಸಬೇಕು. ಈ ಚಿಹ್ನೆಗಳು ಬಹಳ ಮಂದ. ಎಷ್ಟೋ ಸಲ ರಾತ್ರಿಯ ಆಕಾಶದ ಸಹಜ ಹೊಳಪಿಗಿಂತಲೂ ಕ್ಷೀಣ. ಸಾಲದೆಂಬಂತೆ, ಒಂದರ ಹಿಂದೊಂದು ಬಹುದೂರದಲ್ಲಿರುವ ಎರಡು ಗೆಲಕ್ಸಿಗಳು ಚಿತ್ರದಲ್ಲಿ ಒತ್ತಟ್ಟಿಗಿರುವಂತೆ ತೋರಿ ಮೋಸಗೊಳಿಸುವುದೂ ಉಂಟು.

ಈ ಕಠಿಣ ವಿದ್ಯೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. ಕಟಪಾಡಿಯಿಂದ ಅನತಿದೂರದ ಅದಮಾರಿನಲ್ಲಿ 1932ರಲ್ಲಿ ಜನಿಸಿದ ಯು. ಆರ್. ರಾವ್ ಅವರ ಮುಂದಾಳತ್ವದಲ್ಲಿ ಬೆಂಗಳೂರಿನಲ್ಲಿ ಸಿದ್ಧವಾದ ಆರ್ಯಭಟ ಉಪಗ್ರಹವು 1975ರಲ್ಲಿ ಗಗನಕ್ಕೇರಿತು. ಆ ಪರಂಪರೆಯ ಫಲವಾಗಿಯೇ 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಉಡಾವಣೆಗೊಂಡಿತು. ಅದರಲ್ಲಿದ್ದ ಅತಿನೇರಳೆ ದೂರದರ್ಶಕದ ನೆರವಿನಿಂದ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಜ್ಯೋತಿ ಯಾದವ್, ಮೌಸುಮಿ ದಾಸ್, ಸುಧಾಂಶು ಬರ್ವೆ ಮತ್ತು ಫ್ರಾನ್ಸಿನ ಫ್ರಾನ್ಸ್ವಾಸ್ ಕೋಂಬ್ ಅವರು ಎನ್‌ಜಿಸಿ 7733, ಎನ್‌ಜಿಸಿ 7734 ಎಂಬ ಜೋಡಿ ಗೆಲಕ್ಸಿಗಳನ್ನು ಪರಿಶೀಲಿಸಿದರು. ಮೊದಲನೆಯದರ ಸುರುಳಿಯ ತೋಳಿನ ಮೇಲೆ ಬೆಳಕಿನ ಒಂದು ಗಂಟು ಕಾಣಿಸಿತು. ಸಾಮಾನ್ಯ ದೃಷ್ಟಿಗೆ ಅದು ಆ ತೋಳಿನದೇ ಭಾಗ. ಚಿಲಿ ದೇಶದ ದೊಡ್ಡ ದೂರದರ್ಶಕವು ತೆಗೆದ ರೋಹಿತವನ್ನು ನೋಡಿದಾಗ, ಗಂಟಿನ ವೇಗ ತೋಳಿನ ವೇಗಕ್ಕೆ ಹೊಂದಲಿಲ್ಲ. ಅದು ತೋಳಿನ ಹಿಂದೆ ನಿಂತ ಮೂರನೆಯದೊಂದು ಪುಟ್ಟ ಗೆಲಕ್ಸಿಯೇ ಆಗಿತ್ತು. ಮೂರರ ಒಡಲಲ್ಲಿಯೂ ಸಕ್ರಿಯವಾದ ಬೃಹತ್ ಕಪ್ಪುಕುಳಿಗಳಿರುವುದು 2021ರಲ್ಲಿ ಪ್ರಕಟವಾಯಿತು.

ಓಲೆಗರಿಗಳ ಸಂಶೋಧನೆ ನಡೆಸಿದವರಿಗೆ ಈ ಬಗೆ ಅಪರಿಚಿತವಲ್ಲ. ಪ್ರಾಚೀನ ಕಾವ್ಯದ ನಡುವೆ ಲಿಪಿಕಾರನೊಬ್ಬನು ಸೇರಿಸಿದ ಪದ್ಯವು ಮೇಲ್ನೋಟಕ್ಕೆ ಮೂಲದ್ದೇ ಎನಿಸುತ್ತದೆ. ಛಂದಸ್ಸಿನ ಗತಿ ತಪ್ಪಿದಲ್ಲಿ, ಪದಪ್ರಯೋಗ ಬೇರೆಯಾದಲ್ಲಿ, ಬಲ್ಲವರು ತಡೆದು ನಿಲ್ಲುತ್ತಾರೆ. ಬೇರೆ ಪ್ರತಿಗಳೊಡನೆ ಹೋಲಿಸಿ ಅದು ಪ್ರಕ್ಷಿಪ್ತವೆಂದು ನಿರ್ಣಯಿಸುತ್ತಾರೆ. ಗತಿಯೇ ಅಲ್ಲಿಯೂ ಸಾಕ್ಷಿ, ಇಲ್ಲಿಯೂ ಸಾಕ್ಷಿ. ಮೊದಲು ಸಂಶಯ, ಬಳಿಕ ತಾಳ್ಮೆ, ಕಡೆಗೆ ಪ್ರಮಾಣ: ಇದೇ ಪಾಂಡಿತ್ಯದ ಕ್ರಮ, ಇದೇ ವಿಜ್ಞಾನದ ಕ್ರಮ.

ಈಗ ಲಕ್ಷಾಂತರ ಚಿತ್ರಗಳನ್ನು ಯಂತ್ರಗಳೇ ವಿಂಗಡಿಸಬಲ್ಲವು. ಇನ್ನು ವಿದ್ಯಾರ್ಥಿಯ ಕಣ್ಣಿಗೇನು ಕೆಲಸ ಎಂದು ಕೇಳುವವರಿದ್ದಾರೆ. ಆ ಮಾತು ಅವಿಚಾರದ್ದು. ಅಂತಹ ಯಂತ್ರಕ್ಕೆ ಗುರುವಾಗುವುದು ಬಹುಮಟ್ಟಿಗೆ ಮನುಷ್ಯರು ನೋಡಿ ಗುರುತು ಹಚ್ಚಿದ ಚಿತ್ರಗಳು. 2007ರಲ್ಲಿ ಆರಂಭವಾದ ಗೆಲಕ್ಸಿ ಝೂ ಯೋಜನೆಯಲ್ಲಿ ಸಾಮಾನ್ಯ ಜನರೇ ಈ ಕಾರ್ಯಕ್ಕೆ ಕೈಜೋಡಿಸಿದರು. ಗುರುವಿನ ತಪ್ಪನ್ನು ಶಿಷ್ಯನು ಇಮ್ಮಡಿಗೊಳಿಸುವಂತೆ, ಮನುಷ್ಯನ ಅವಸರದ ತೀರ್ಮಾನವನ್ನು ಯಂತ್ರವು ಲಕ್ಷ ಸಲ ಪುನರುಚ್ಚರಿಸುತ್ತದೆ. ನುರಿತವರ ತೀರ್ಮಾನವೂ ಮರುಪರಿಶೀಲನೆಗೆ ಹೊರತಲ್ಲ. ಆಕಾಶಗಂಗೆಯೂ ಆಂಡ್ರೊಮಿಡಾ ಗೆಲಕ್ಸಿಯೂ ಕೂಡುವುದು ನಿಶ್ಚಿತವೆಂದೇ ವರ್ಷಗಳ ಕಾಲ ನಂಬಲಾಗಿತ್ತು. 2025ರಲ್ಲಿ ಪ್ರಕಟವಾದ ಗಣನೆಯು, ಮುಂದಿನ 1000 ಕೋಟಿ ವರ್ಷಗಳಲ್ಲಿ ಅದು ಸಂಭವಿಸುವ ಸಾಧ್ಯತೆ ಸುಮಾರು ಅರ್ಧದಷ್ಟೆಂದು ತಿಳಿಸಿತು.

ಶಾಲೆಗೆ ಕಟ್ಟಡವನ್ನೂ ಗಣಕಯಂತ್ರವನ್ನೂ ನೀಡುವ ದಾನಿಗಳು ಸ್ತುತ್ಯರು. ಅದರೊಡನೆ ಒಂದು ಚಿಕ್ಕ ದೂರದರ್ಶಕವೂ, ದೀಪಗಳನ್ನಾರಿಸಿದ ಬಯಲೂ, ತಿಂಗಳಿಗೊಂದು ರಾತ್ರಿಯೂ ಮಕ್ಕಳಿಗೆ ದೊರೆಯಬೇಕು. ಹೆದ್ದಾರಿಯ ದೀಪಗಳಿಂದ ದೂರ ಸರಿದರೆ, ಕಾರ್ತಿಕದ ನಿರ್ಮಲ ರಾತ್ರಿಯಲ್ಲಿ ಆಂಡ್ರೊಮಿಡಾ ಬರಿಗಣ್ಣಿಗೇ ಮಸುಕಾದ ಬೆಳಕಿನ ತುಣುಕಾಗಿ ಕಾಣುತ್ತದೆ. ಆ ಬೆಳಕು ಹೊರಟು ಸುಮಾರು 25 ಲಕ್ಷ ವರ್ಷಗಳಾದವು. ವಿದ್ಯಾರ್ಥಿಯು ಕಂಡದ್ದನ್ನು ಮೊದಲು ಚಿತ್ರಿಸಲಿ, ಅಚ್ಚಗನ್ನಡದಲ್ಲಿ ನಾಲ್ಕು ಸಾಲು ಬರೆಯಲಿ; ಹೆಸರನ್ನು ಉಪಾಧ್ಯಾಯರು ಬಳಿಕ ಹೇಳಲಿ. ವಿಜ್ಞಾನದ ಉಪಾಧ್ಯಾಯರೂ ಕನ್ನಡದ ಪಂಡಿತರೂ ಒಂದೇ ಬಯಲಿನಲ್ಲಿ ನಿಂತು ಕಲಿಸಬಹುದಾದ ಪಾಠವಿದು. ಕಂಡದ್ದನ್ನು ಕಂಡಂತೆ ಹೇಳುವ, ಕಾಣದ್ದನ್ನು ಕಂಡೆನೆನ್ನದ ಶೀಲವು ಆ ಬಯಲಿನಲ್ಲಿ ಬೇರೂರಲಿ.